ಹಗೇವಿಗೆ ಇಳಿಸಿದ ದೀಪ

2024ರ ಡಿಸೆಂಬರ್ 8, ರವಿವಾರ, ಬೆಳಿಗ್ಗೆ 10 ಗಂಟೆ 15 ನಿಮಿಷಕ್ಕೆ ದಿಲಾವರಗಡ ಕೋಟೆಯ ಹೆಬ್ಬಾಗಿಲಾದ ನಗಾರಖಾನೆಯ ಮುಂದೆ ಕಾರು ನಿಂತಿತು. ಕಾರಿನಿಂದ ಇಳಿದ ಹರಿಪ್ರಿಯಾ ಮೊದಲು ನೋಡಿದ್ದು ಕಮಾನನ್ನಲ್ಲ, ಅದರ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎನ್ನುವುದನ್ನು. ಮಕ್ಕಳು ಬಸ್ಸಿಳಿದು ಹಾಜರಿ ಹೇಳುವಷ್ಟು ಹೊತ್ತು ನಿಲ್ಲುವುದಕ್ಕೆ ನೆರಳು ಬೇಕು. ಕುಡಿಯುವ ನೀರು ಎಲ್ಲಿ, ಹುಡುಗಿಯರಿಗೆ ಪಾಯಖಾನೆ ಎಲ್ಲಿ, ಯಾವ ಗೋಡೆಯ ಹತ್ತಿರ ಯಾರೂ ಹೋಗಬಾರದು, ಇವನ್ನು ನೋಡಿಕೊಂಡು ಬರಲೆಂದೇ ಹೆಡ್‌ಮಾಸ್ತರರು ಅವಳನ್ನೂ ಜಗದೀಶನನ್ನೂ ಕಳಿಸಿದ್ದರು.

ಇಬ್ಬರೂ ಹಾನಗಲ್ಲಿನ ಒಂದೇ ಹೈಸ್ಕೂಲಿನ ಶಿಕ್ಷಕರು. ಅವಳು ವಿಜ್ಞಾನ, ಅವನು ಸಮಾಜ. ಪ್ರತಿ ಜನವರಿಯಲ್ಲಿ ಮಕ್ಕಳನ್ನು ರಾತ್ರಿ ಬಸ್ಸಿನಲ್ಲಿ ದೂರದ ಊರಿಗೆ ಒಯ್ದು, ನಿದ್ದೆಗಣ್ಣಿಗೆ ಒಂದು ಅರಮನೆ ತೋರಿಸಿ ಕರೆತರುವುದು ಶಾಲೆಯ ರೂಢಿಯಾಗಿತ್ತು. ಈ ಸಲ ಜಗದೀಶ ಹಟ ಹಿಡಿದ. ಶಿಗ್ಗಾಂವಿಗೂ ಸವಣೂರಿಗೂ ನಡುವೆ, ತಾಸಿನ ದಾರಿಯಲ್ಲಿ, ನವಾಬರ ಕಾಲದ ಕೋಟೆ, ಮಹಲು, ಮಸೀದಿ, ಹಮಾಮು ಎನ್ನುವ ಸ್ನಾನಗೃಹ ಎಲ್ಲ ಒಂದೇ ಆವರಣದಲ್ಲಿರುವಾಗ ದೂರ ಹೋಗುವುದು ಯಾಕೆ ಎಂದು ವಾದಿಸಿದ. ಅವನಿಗೆ ನಿಜವಾಗಿ ತೋರಿಸಬೇಕಾಗಿದ್ದುದು ಮಹಲನ್ನಲ್ಲ, ಮಹಲಿನ ಅಡಿಗೆಮನೆಯ ಹಿಂದಿದ್ದ ಹಗೇವುಗಳನ್ನು. ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿಗಳು ಅವು. ಮೇಲೆ ಒಬ್ಬ ಮನುಷ್ಯ ನುಸುಳುವಷ್ಟೇ ಬಾಯಿ, ಒಳಗೆ ಗಡಿಗೆಯ ಹಾಗೆ ಹೊಟ್ಟೆ.

"ಬೇಗಮ್ಮ ಎಲ್ಲಿ ಜಳಕಾ ಮಾಡ್ತಿದ್ಲು ಅಂತ ಎಲ್ಲಾರೂ ತೋರಸ್ತಾರ್ರಿ ಮೇಡಂ" ಎಂದು ಅವನು ಸ್ಟಾಫ್ ರೂಮಿನಲ್ಲಿ ಹೇಳಿದ್ದ. "ಆಕಿ ಉಣ್ಣೂ ಜ್ವಾಳ ಎಲ್ಲಿತ್ತು, ಅದನ್ನ ತರಾಕ ಒಳಗ ಇಳ್ಯಾವ್ರು ಯಾರಿದ್ರು, ಅದನ್ನ ನಾ ತೋರಸ್ತೇನಿ. ನಮ್ಮ ಹುಡುಗ್ರು ಒಬ್ಬೊಬ್ರಾಗಿ ಇಳಿದು ನೋಡ್ಲಿ."

ಮಕ್ಕಳನ್ನು ಇಳಿಸಬಹುದೇ ಎನ್ನುವುದು ಇವತ್ತು ತೀರ್ಮಾನವಾಗಬೇಕಿತ್ತು. ಅದಕ್ಕಾಗಿಯೇ ಅವನು ತನ್ನ ತಂದೆ ಮಂಜಪ್ಪನನ್ನು ಹಿರೇಕೆರೂರಿನ ಕಡೆಯ ಹಳ್ಳಿಯಿಂದ ಕರೆಸಿಕೊಂಡಿದ್ದ. ಪ್ರಾಯದಲ್ಲಿ ಮಂಜಪ್ಪ, ಅವನಿಗೂ ಮೊದಲು ಅವನ ತಂದೆ ಲಕ್ಕಪ್ಪ, ಊರ ಗೌಡರ, ಶಾನಭೋಗರ ಹಗೇವುಗಳಿಗೆ ಇಳಿದು ಕಾಳು ತೆಗೆದುಕೊಟ್ಟವರು. ಆ ಮನೆತನದಲ್ಲಿ ಶಾಲೆಯ ಮೇಜಿನ ಹಿಂದೆ ನಿಂತವನು ಜಗದೀಶನೇ ಮೊದಲಿಗ.

ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತ ಮಂಜಪ್ಪ ಕೇಳಿದ್ದ, "ಬಾಯಾರ, ನಿಮ್ಮ ಮನಿ ಮುಂದ ಹಗೇವು ಇತ್ತೇನ್ರಿ?"

"ಇತ್ತಂತ್ರಿ. ನಮ್ಮಜ್ಜಿ ಗೋಪಿಕಾಬಾಯಿ ಹೇಳ್ತಿದ್ರು. ನಾ ಹುಟ್ಟೂದ್ರಾಗ ಮುಚ್ಚಿಸಿಬಿಟ್ಟಿದ್ರು."

"ಇಳ್ಯಾವ್ರು ಯಾರಿದ್ರು?"

"ಅದನ್ನ ಹೇಳ್ಲಿಲ್ಲ ನೋಡ್ರಿ."

"ಹೇಳೂದೇನೈತ್ರಿ, ನಮ್ಮಂಥಾವ್ರ ಯಾರರ ಇರ್ತಾರ. ನಿಮ್ಮ ಮಂದಿ ಮಡಿ ಉಟ್ಕೊಂಡು ಇಳ್ಯಾಕ ಆಕ್ಕೈತೇನ್ರಿ?"

"ಅಪ್ಪಾ, ಸುಮ್ನ ಕುಂದ್ರು" ಎಂದು ಜಗದೀಶ ನಕ್ಕ. "ಮೇಡಂ ಕಾರು ನಿಲ್ಲಿಸಿ ನಮ್ಮಿಬ್ರನ್ನೂ ಇಲ್ಲೇ ಬಂಕಾಪುರದಾಗ ಇಳಿಸಿ ಹೋಗ್ತಾರ."

ಹರಿಪ್ರಿಯಾಳಿಗೂ ನಗು ಬಂತು. ಆಮೇಲೆ ಮಂಜಪ್ಪ ಇಳಿಯುವ ಕಟ್ಟಳೆ ಹೇಳಿದ. ಹಿಂದಿನ ದಿನವೇ ಬಾಯಿ ತೆಗೆದು ಬಿಡಬೇಕು, ಮರುದಿನ ಹಗ್ಗಕ್ಕೆ ಕಟ್ಟಿ ದೀಪ ಇಳಿಸಬೇಕು. "ಉರಿದ್ರ ಇಳಿ, ಆರಿದ್ರ ಬಿಡು. ನಮ್ಮಪ್ಪ ಕಲಿಸಿದ್ದು ಇಷ್ಟ ನೋಡ್ರಿ. ಇಷ್ಟರ ಮ್ಯಾಲ ನಾ ಇನ್ನೂ ಅದೇನಿ."

ಅದು ಸರಿಯಾದ ಪರೀಕ್ಷೆ ಎಂದು ಅವಳಿಗೆ ಗೊತ್ತಿತ್ತು. ಮುಚ್ಚಿದ ಗುಂಡಿಯಲ್ಲಿ ಕಾಳೂ ಕಸವೂ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಆ ಅನಿಲ ಗಾಳಿಗಿಂತ ಭಾರ, ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಒಂಬತ್ತನೆಯ ತರಗತಿಗೆ ಇದನ್ನು ಹೇಳುವಾಗ ಈ ದೀಪದ ಮಾತು ಸೇರಿಸಬೇಕು ಎಂದುಕೊಂಡಳು.

ಕೋಟೆಯ ಕಾವಲಿನ ಖಾದರಸಾಬ ಬಾಗಿಲಲ್ಲೇ ಕಾದಿದ್ದ. ಜಗದೀಶ ಫೋನಿನಲ್ಲಿ ಹೇಳಿದ್ದಂತೆ ನಿನ್ನೆ ಸಂಜೆಯೇ ಒಂದು ಹಗೇವಿನ ಚಪ್ಪಡಿ ಸರಿಸಿ, ಕಬ್ಬಿಣದ ಏಣಿ ತರಿಸಿಟ್ಟಿದ್ದ.

"ನೂರು ಹುಡುಗ್ರ? ತೌಬಾ ತೌಬಾ" ಎಂದು ಅವನು ಹಣೆಗೆ ಕೈ ಹಚ್ಚಿದ. "ಮಸೀದಿ ಕಮಾನಿನ್ಯಾಗ ಜೇನು ಕುಂತಾವ್ರಿ ಮೇಡಂ. ಒಬ್ಬಾಂವ ಒಂದು ಕಲ್ಲು ಒಗೆದಾ ಅಂದ್ರ ನೀವಷ್ಟ ಅಲ್ಲ, ನಾನೂ ಇರೂದಿಲ್ಲ ಇಲ್ಲಿ."

"ಆ ಕಡೆ ಬಿಡೂದ ಬ್ಯಾಡ ಹಂಗಾರ. ಮಹಲು, ಹಮಾಮು ತೋರಸ್ರಿ ನನಗ."

"ನೀವು ಅರಮನಿ ನೋಡ್ರಿ, ನಾವು ಅಡಿಗಿಮನಿ ನೋಡ್ತೇವಿ" ಎಂದ ಜಗದೀಶ. ತಂದೆ ಮಗ ಎಡಕ್ಕೆ ಹೋದರು. ಮಹಲಿನ ಬೀಗ ತೆಗೆದುಕೊಟ್ಟು ಖಾದರಸಾಬನೂ ಅವರ ಹಿಂದೆ ಹೋದ.

ಮಹಲಿನ ಮೇಲಂತಸ್ತಿಗೆ ಹೋಗುವ ಮೆಟ್ಟಿಲುಗಳ ಅಂಚು ಸವೆದು ಹೊರಕ್ಕೆ ಓರೆಯಾಗಿತ್ತು. ಮೇಲೆ ಯಾರನ್ನೂ ಬಿಡಬಾರದು ಎಂದು ಹರಿಪ್ರಿಯಾ ನಿರ್ಧರಿಸಿದಳು. ಕೆಳಗಿನ ದರಬಾರು ಕೋಣೆಯ ಗಚ್ಚಿನ ಹೂಬಳ್ಳಿ ಅಲ್ಲಲ್ಲಿ ಉದುರಿ ಇಟ್ಟಿಗೆ ಕಾಣುತ್ತಿತ್ತು, ಆದರೂ ಸೂರು ಗಟ್ಟಿಯಾಗಿತ್ತು. ಊಟಕ್ಕೆ ಕೂರಿಸಲು ಅದೇ ಸರಿ. ಅಲ್ಲಿಂದ ಹಮಾಮಿಗೆ ಹೋದಳು. ಅದರ ಗುಮ್ಮಟದಲ್ಲಿ ನಕ್ಷತ್ರದ ಆಕಾರದ ತೂತುಗಳಿದ್ದವು. ಅವುಗಳೊಳಗಿಂದ ನೆಲಕ್ಕೆ ಬಿದ್ದ ಬಿಸಿಲು ಮಾತ್ರ ನಕ್ಷತ್ರದಂತಿರಲಿಲ್ಲ, ದುಂಡಗಿತ್ತು. ಒಂದೊಂದೂ ಸೂರ್ಯನ ಬಿಂಬ. ಪಾಠದಲ್ಲಿ ರಟ್ಟಿಗೆ ಸೂಜಿ ಚುಚ್ಚಿ ಎಷ್ಟು ತೋರಿಸಿದರೂ ಮಕ್ಕಳು ನಂಬದಿದ್ದುದು ಇಲ್ಲಿ ನೆಲದ ತುಂಬ ಬಿದ್ದುಕೊಂಡಿತ್ತು. ಈ ಕೋಟೆಯನ್ನೇ ಆರಿಸಿದ್ದು ಒಳ್ಳೆಯದಾಯಿತು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಅದೇ ಹೊತ್ತಿಗೆ ಅಡಿಗೆಮನೆಯ ಹಿಂದೆ ನಡೆದದ್ದನ್ನು ಅವಳು ಕಣ್ಣಾರೆ ಕಾಣಲಿಲ್ಲ, ಆಮೇಲೆ ಖಾದರಸಾಬ ಹೇಳಿದ್ದು.

ಮಂಜಪ್ಪ ಮೊದಲು ಹಗೇವಿನ ಬಾಯಿಯ ಮೇಲೆ ಬಗ್ಗಿ ಮೂಸಿ ನೋಡಿದ. ಕೊಳೆತ ಎಲೆಯ ವಾಸನೆ ಇತ್ತು. ಮಳೆಗಾಲದುದ್ದಕ್ಕೂ ಆವರಣದಲ್ಲಿ ಗುಡಿಸಿದ ಕಸವನ್ನು ತಾನು ಅದರೊಳಗೇ ಹಾಕುತ್ತಿದ್ದುದಾಗಿ, ಮಕ್ಕಳು ಬರುವ ಸುದ್ದಿ ಕೇಳಿ ಕೊಕ್ಕೆಯಿಂದ ಬಹಳಷ್ಟು ಎಳೆದು ತೆಗೆದಿದ್ದಾಗಿ ಖಾದರಸಾಬ ಹೇಳಿದ. ತಳದಲ್ಲಿ ಇನ್ನೂ ಮೊಣಕಾಲುದ್ದ ಉಳಿದಿತ್ತು.

"ಪಣತಿ ತಂದಿ?" ಎಂದು ಮಂಜಪ್ಪ ಮಗನನ್ನು ಕೇಳಿದ.

"ಪಣತಿ ತಂದೇನಿ, ಎಣ್ಣಿ ಮನ್ಯಾಗ ಉಳೀತು. ಇದು ಐತೆಲ್ಲ" ಎಂದು ಜಗದೀಶ ಮೊಬೈಲು ತೋರಿಸಿದ. "ಇದು ಗಾಳಿಗೆ ಆರೂದಿಲ್ಲ, ಎಣ್ಣಿ ಚೆಲ್ಲೂದಿಲ್ಲ."

"ನಿಂದು ಹುಟ್ಟು ಸಾವು ಎಲ್ಲಾ ಅದರಾಗ ನೋಡು. ಇಳಿಸು."

ಜಗದೀಶ ಟಾರ್ಚು ಹಚ್ಚಿ, ಬೆಳಕು ಮುಚ್ಚದಂತೆ ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ ಇಳಿಸಿದ. ಬೆಳಕು ಗೋಡೆಯ ಉದ್ದಕ್ಕೂ ಜಾರಿ ತಳದ ಎಲೆಗಳ ಮೇಲೆ ಕೂತಿತು. ಕಟ್ಟಳೆಯಂತೆ ಸ್ವಲ್ಪ ಹೊತ್ತು ಕಾಯ್ದರು.

"ಉರಿಯಾಕತ್ತೈತಿ?"

"ಝಗಾಝಗಾ ಉರಿಯಾಕತ್ತೈತಿ."

"ಹಂಗಾದ್ರ ಇಳಿ" ಎಂದ ಮಂಜಪ್ಪ.

ಏಣಿ ಇದ್ದುದರಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ಮಾತು ಬರಲಿಲ್ಲ. ಜಗದೀಶ ಇಳಿಯುತ್ತಲೇ ಮಾತಾಡುತ್ತಿದ್ದ. ಒಳಗಿನ ಗೋಡೆಗೆ ಮೆತ್ತಿದ ಗಾರೆಯ ಮೇಲೆ ಮೆತ್ತಿದವರ ಅಂಗೈಗಳು ಹಾಗೇ ಮೂಡಿದ್ದವಂತೆ. "ಅಪ್ಪಾ, ಬೆರಳು ಸುದ್ದಾ ಕಾಣ್ತಾವು! ಹೆಣಮಕ್ಕಳ ಕೈ ಇದ್ದಂಗ ಅದಾವು. ಬಳಿ ಗುರ್ತೂ—" ಎಂದ. ಮಾತು ಅಲ್ಲಿಗೆ ನಿಂತಿತು. ಆಮೇಲೆ ಕಾಳಿನ ಚೀಲ ಇಳಿಸಿದಂಥ ಸದ್ದು.

ಖಾದರಸಾಬ ಕೂಗುತ್ತ ಹಮಾಮಿನ ಕಡೆ ಓಡಿ ಬಂದ. ಹರಿಪ್ರಿಯಾ ಅವನ ಹಿಂದೆ ಓಡಿ ಹೋಗಿ ತಲುಪಿದಾಗ ಮಂಜಪ್ಪ ಚಪ್ಪಲಿ ಬಿಟ್ಟು, ಧೋತರ ಎತ್ತಿಕಟ್ಟಿ, ಏಣಿಯ ಮೊದಲ ಹಲ್ಲಿನ ಮೇಲೆ ಕಾಲಿಟ್ಟಿದ್ದ. ಅವಳು ಅವನ ರಟ್ಟೆ ಹಿಡಿದು ಎಳೆದಳು.

"ಕೈ ಬಿಡ್ರಿ ಬಾಯಾರ. ಕಾಲು ಜಾರಿ ಬಿದ್ದಾನ. ತಲಿಗೆ ಪೆಟ್ಟಾಗೈತಿ."

"ಕೂಗಿದ್ರ ಓ ಅಂದ್ರೇನು?"

"ಇಲ್ರಿ."

ಅವಳು ಬಾಯಿಯ ಮೇಲೆ ಬಗ್ಗಿ ನೋಡಿದಳು. ಎರಡಾಳು ಆಳದಲ್ಲಿ ಜಗದೀಶ ಪಕ್ಕಕ್ಕೆ ಬಿದ್ದಿದ್ದ. ಒಂದು ಕೆನ್ನೆ ಎಲೆಗಳಲ್ಲಿ ಹುಗಿದಿತ್ತು, ಒಂದು ಪಾದ ಏಣಿಯ ಕೊನೆಯ ಹಲ್ಲಿಗೆ ಸಿಕ್ಕಿಕೊಂಡಿತ್ತು. ಅವನ ಪಕ್ಕದಲ್ಲಿ ಮೊಬೈಲು ಬೆಳಗುತ್ತಿತ್ತು.

"ಇಳೀಬ್ಯಾಡ್ರಿ" ಎಂದಳು. "ಕೆಳಗ ಗಾಳಿ ಇಲ್ಲ."

"ಏನ್ ಹೇಳ್ತೀರಿ? ದೀಪ ನೋಡ್ರಿ, ಇನ್ನೂ ಉರಿಯಾಕತ್ತೈತಿ! ಗಾಳಿ ಇಲ್ದ ಹ್ಯಾಂಗ ಉರೀತೈತಿ?"

"ಅದು ದೀಪ ಅಲ್ರಿ ಮಂಜಪ್ಪ. ಅದಕ್ಕ ಗಾಳಿ ಬೇಕಾಗಿಲ್ಲ. ಬಾಟ್ಲ್ಯಾಗ ಹಾಕಿ ಮುಚ್ಚಿದ್ರೂ ಅದು ಉರೀತದ."

ಮಂಜಪ್ಪ ಅವಳ ಮುಖ ನೋಡಿದ, ಆಮೇಲೆ ಕೆಳಗಿನ ಬೆಳಕು ನೋಡಿದ. ಅವನಿಗೆ ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. "ಸುಳ್ಳ" ಎಂದ. ದನಿ ಸಣ್ಣದಾಗಿತ್ತು.

ಅವಳು ಒಂದು ಕೈಯಲ್ಲಿ ಅವನನ್ನು ಹಿಡಿದೇ ಇನ್ನೊಂದು ಕೈಯಲ್ಲಿ ಫೋನು ಹಚ್ಚಿ ಶಿಗ್ಗಾಂವಿಯ ಅಗ್ನಿಶಾಮಕದವರಿಗೆ ಸ್ಥಳ ಹೇಳಿದಳು. ಗುಂಡಿಯಲ್ಲಿ ಮನುಷ್ಯ ಬಿದ್ದಿದ್ದಾನೆ, ಕೆಟ್ಟ ಗಾಳಿ ಇದೆ, ಉಸಿರಾಟದ ಮುಖವಾಡ ಬೇಕು, ಗಾಳಿ ಅಳೆಯುವ ಯಂತ್ರ ಬೇಕು. ತಮ್ಮಲ್ಲಿ ಗಾಡಿ ಇದೆ, ಆ ಎರಡೂ ಸಾಮಾನು ಹಾವೇರಿಯಿಂದ ಬರಬೇಕು, ಕೂಡಲೇ ತರಿಸುತ್ತೇವೆ, ಅಲ್ಲಿಯವರೆಗೆ ಯಾರನ್ನೂ ಇಳಿಯಲು ಬಿಡಬೇಡಿ ಎಂದು ಆ ಕಡೆಯ ದನಿ ಹೇಳಿತು.

"ಹಾವೇರಿಯಿಂದ ಬರೂದ್ರಾಗ ಏನ್ ಉಳೀತೈತ್ರಿ?" ಎಂದ ಮಂಜಪ್ಪ.

ಅವಳು ಖಾದರಸಾಬನಿಗೆ ತಗಡಿನ ಬಕೆಟ್ಟಿನಲ್ಲಿ ಒಣ ಎಲೆ ತುಂಬಿ ಬೆಂಕಿ ಹಚ್ಚಲು ಹೇಳಿದಳು. ಕೊಳೆತ ಕಸದಿಂದ ಹೊತ್ತಿಕೊಳ್ಳುವ ಅನಿಲವೂ ಹುಟ್ಟುತ್ತದೆ ಎನ್ನುವುದು ಒಂದು ಕ್ಷಣ ಅವಳ ಕೈ ತಡೆಯಿತು. ಆದರೆ ಅದು ಹಗುರ, ರಾತ್ರಿಯೆಲ್ಲ ತೆರೆದಿದ್ದ ಬಾಯಿಯಿಂದ ಹೋಗಿರಬೇಕು. ಭಾರದ್ದು ಮಾತ್ರ ಉಳಿದಿರುತ್ತದೆ. ಬೆಂಕಿ ಚೆನ್ನಾಗಿ ಎದ್ದ ಮೇಲೆ ಬಕೆಟ್ಟನ್ನು ಹಗ್ಗದಲ್ಲಿ ನಿಧಾನವಾಗಿ ಇಳಿಸಿದಳು. ಜ್ವಾಲೆ ಬಾಯಿಯ ಕುತ್ತಿಗೆ ದಾಟಿತು. ಅರ್ಧ ಆಳದಲ್ಲಿ ಕುಗ್ಗಿತು, ನೀಲಿಯಾಯಿತು, ಯಾರೋ ಬೆರಳಿನಿಂದ ಹಿಚುಕಿದಂತೆ ಹೋಯಿತು. ಹೊಗೆ ಮೇಲೆ ಬರದೆ ಅಲ್ಲೇ ಅಡ್ಡಲಾಗಿ ಹರಡಿಕೊಂಡಿತು. ಅದರ ಕೆಳಗೆ ಮೊಬೈಲಿನ ಬೆಳಕು ಹಾಗೆಯೇ ಇತ್ತು.

ಮಂಜಪ್ಪ ಅದನ್ನು ಪೂರ್ತಿ ನೋಡಿದ. ಮೊಣಕಾಲೂರಿ ಕೂತು, ಎರಡೂ ಕೈ ನೆಲಕ್ಕಿಟ್ಟ.

"ನಾನ ಇಳಿ ಅಂದೆ" ಎಂದ.

ಅವನು ಎದ್ದುನಿಂತ.

"ಆರ್ಲಿ. ಉಸಿರು ಹಿಡಕೊಂಡು ಇಳೀತೇನಿ. ಬಗಲಿಗೆ ಹಗ್ಗಾ ಹಾಕಿ ಬರ್ತೇನಿ. ಹಿಂದಕ ಹಂಗ ಒಬ್ಬನ್ನ ತಗದೇನಿ ನಾ."

"ಆಗ ನಿಮ್ಮ ವಯಸ್ಸೆಷ್ಟಿತ್ತು? ಅಲ್ಲಿ ಎಲಿ ಒಳಗ ಮೊಣಕಾಲ ತನಕ ಹುಗೀತೀರಿ. ಅವರನ್ನ ಹೊರಳಿಸಬೇಕು, ಕಟ್ಟಬೇಕು. ಒಂದು ಉಸಿರು ತಗೊಂಡ್ರ ಮುಗೀತು."

"ಬಾಯಾರ." ಅವನು ಬಹಳ ಮೆತ್ತಗೆ ಹೇಳಿದ. "ನಿಮ್ಮ ಮನಿ ಜ್ವಾಳಕ್ಕ ನಮ್ಮನ್ನ ಇಳಿಸುವಾಗ ಯಾರೂ ಬ್ಯಾಡ ಅನ್ಲಿಲ್ಲ. ಇವತ್ತ ನನ್ನ ಮಗಾ ಅದಾನ ಒಳಗ. ಇವತ್ತ ಬ್ಯಾಡ ಅಂತೀರಿ?"

ಅವಳು ಅವನ ರಟ್ಟೆಯನ್ನು ಮತ್ತೆ ಹಿಡಿದಳು. ಆ ಮಾತಿಗಿಂತ ಕೆಟ್ಟದ್ದೊಂದು ಅವಳಿಗೆ ಗೊತ್ತಿತ್ತು, ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ ಇಪ್ಪತ್ತೊಂದರಷ್ಟು. ಅದು ಹದಿನಾರರ ಆಸುಪಾಸಿಗೆ ಇಳಿದರೆ ಜ್ವಾಲೆ ಆರುತ್ತದೆ. ಮನುಷ್ಯ ಜ್ವಾಲೆಗಿಂತ ಗಟ್ಟಿ. ಹದಿನಾಲ್ಕರಲ್ಲಿ ಅವನಿಗೆ ತಲೆ ಸುತ್ತುತ್ತದೆ, ಹನ್ನೆರಡರಲ್ಲಿ ಕೈಕಾಲು ಹಿಡಿತ ತಪ್ಪುತ್ತದೆ, ಆದರೂ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಹತ್ತರ ಕೆಳಗೆ ಹೋದರೆ ಮಾತ್ರ ನಿಲ್ಲುವುದಿಲ್ಲ. ಆರಿದ ಬೆಂಕಿ ಹದಿನಾರರ ಕೆಳಗೆ ಎಂದಷ್ಟೇ ಹೇಳಿತ್ತು, ಎಷ್ಟು ಕೆಳಗೆ ಎಂದು ಹೇಳಿರಲಿಲ್ಲ. ಜಗದೀಶ ನಿಜವಾಗಿಯೂ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ, ತಳದಲ್ಲಿ ಹನ್ನೆರಡು ಇದ್ದರೆ, ಮುದುಕ ಇಳಿದು ಹಗ್ಗ ಹಾಕಿ ಬರುವುದಕ್ಕೆ ಆಗುತ್ತಿತ್ತು. ಮಗ ಬದುಕುತ್ತಿದ್ದ.

ಬಿದ್ದವನು ಒಮ್ಮೆಯೂ ನರಳಿರಲಿಲ್ಲ. ತಳದಲ್ಲಿ ಹತ್ತಕ್ಕಿಂತ ಕಡಿಮೆ ಇದೆ ಎನ್ನಲು ಅವಳ ಕೈಯಲ್ಲಿ ಇದ್ದ ಆಧಾರ ಅಷ್ಟೇ.

ಮಂಜಪ್ಪ ಅವಳ ಕೈ ಕೊಸರಿ ಮತ್ತೆ ಏಣಿಯ ಕಡೆ ಹೋದ. ಖಾದರಸಾಬ ಅವನ ಸೊಂಟ ಹಿಡಿದುಕೊಂಡ. ಇಬ್ಬರೂ ಬಾಯಿಯ ಅಂಚಿನಲ್ಲೇ ತೂಗಾಡಿದರು. ಹೀಗೆ ಹೆಚ್ಚು ಹೊತ್ತು ಹಿಡಿಯಲಾಗದು ಎಂದು ಹರಿಪ್ರಿಯಾಳಿಗೆ ಕಂಡಿತು.

"ಖಾದರಸಾಬ, ಅವರನ್ನ ಹಿಂದಕ್ಕ ಎಳೀರಿ" ಎಂದಳು. "ನಾ ಏಣಿ ತಗೀತೇನಿ."

"ಯಾ ಅಲ್ಲಾ. ಮಾಸ್ತರ್ ಎದ್ರ ಹ್ಯಾಂಗ ಮ್ಯಾಲ ಬರ್ತಾರ್ರಿ?"

"ಎಳೀರಿ ಅಂದೆ."

ಕಬ್ಬಿಣದ ಏಣಿ ಅವಳೊಬ್ಬಳಿಗೆ ಭಾರವಾಗಿತ್ತು. ಮೊದಲ ಎಳೆತಕ್ಕೆ ಬರಲಿಲ್ಲ, ಕೆಳಗೆ ಏನೋ ತಡೆಯಿತು. ಎರಡನೆಯ ಎಳೆತಕ್ಕೆ ಜಗದೀಶನ ಪಾದ ಹಲ್ಲಿನಿಂದ ಕಳಚಿ ಎಲೆಗಳ ಮೇಲೆ ಬಿದ್ದಿತು. ಅದರ ಸದ್ದು ಮೂವರಿಗೂ ಕೇಳಿಸಿತು. ಅವಳು ಏಣಿಯನ್ನು ಪೂರ್ತಿ ಹೊರಗೆ ತಂದು, ಅಡಿಗೆಮನೆಯ ಗೋಡೆಯಾಚೆಗೆ ತಳ್ಳಿಬಿಟ್ಟಳು. ಅಂಗೈ ತರಚಿ ರಕ್ತ ಬಂದಿತ್ತು.

ಮಂಜಪ್ಪ ಒದ್ದಾಡುವುದನ್ನು ನಿಲ್ಲಿಸಿದ. ಖಾದರಸಾಬ ಕೈ ಬಿಟ್ಟ.

ಆಮೇಲೆ ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಯನ್ನು ಖಾದರಸಾಬ ತಂದ. ಅದನ್ನು ಮಂಜಪ್ಪನೇ ಇಸಿದುಕೊಂಡ. ಹೊಟ್ಟೆಯ ಮೇಲೆ ಮಲಗಿ, ತಲೆ ಬಾಯಿಯೊಳಗೆ ಇಳಿಬಿಟ್ಟು, ಮಗನ ಬೆಲ್ಟಿಗೆ ಕೊಕ್ಕೆ ಹಾಕಲು ನೋಡಿದ. ಹರಿಪ್ರಿಯಾ ಅವನ ಎರಡೂ ಕಾಲಿನ ಮೇಲೆ ಕೂತಿದ್ದಳು. ತಲೆ ಇನ್ನೂ ಕೆಳಗೆ ಹೋಗದಂತೆ ಅವನ ಧೋತರದ ಕಚ್ಚೆ ಹಿಡಿದಿದ್ದಳು. ಕೊಕ್ಕೆ ಅಂಗಿಗೆ ಸಿಕ್ಕಿತು. ಜಗದೀಶನ ಭುಜ ಎದ್ದು, ತಲೆ ಹಿಂದಕ್ಕೆ ಜೋತು, ಮುಖ ಒಮ್ಮೆ ಬೆಳಕಿಗೆ ಬಂತು. ಕಣ್ಣುಗಳು ಅರ್ಧ ತೆರೆದಿದ್ದವು. ಅಂಗಿ ಪರ್ರೆಂದು ಹರಿದು ಅವನು ಮತ್ತೆ ಬಿದ್ದ. ಮಂಜಪ್ಪ ಮತ್ತೆ ಹಾಕಿದ, ಮತ್ತೆ ಹರಿಯಿತು. ಖಾದರಸಾಬ ತನ್ನ ಛತ್ರಿಯನ್ನು ಬಿಚ್ಚಿ ಮುಚ್ಚಿ ಒಳಗೆ ಗಾಳಿ ಹಾಕಿದ. ಬಾಯಿ ಸಣ್ಣದು, ಛತ್ರಿಯ ಕಡ್ಡಿಗಳು ಮುರಿದವು. ಕಡೆಗೆ ಕೊಕ್ಕೆಯ ಹಗ್ಗ ಮಂಜಪ್ಪನ ಕೈಯಿಂದ ತಾನಾಗಿಯೇ ಜಾರಿತು.

ಶಿಗ್ಗಾಂವಿಯ ಗಾಡಿ ಮೊದಲು ಬಂತು. ಅದರಲ್ಲಿದ್ದವರು ಕೆಳಗೆ ನೋಡಿ, ಹಗ್ಗಗಳನ್ನು ಬಿಚ್ಚಿ ಅಣಿ ಮಾಡಿ, ಹಾವೇರಿಯ ಗಾಡಿಗಾಗಿ ರಸ್ತೆಯ ಕಡೆ ನೋಡುತ್ತ ನಿಂತರು. ಹೊಲಗಳಿಂದ ಜನ ಬಂದು ಅಡಿಗೆಮನೆಯ ಗೋಡೆಯ ಮೇಲೆ ಸಾಲಾಗಿ ಕೂತರು. ಮಂಜಪ್ಪ ಹಗೇವಿಗೆ ಬೆನ್ನು ಮಾಡಿ ಕೂತಿದ್ದ. ಹರಿಪ್ರಿಯಾ ನೀರಿನ ಬಾಟಲಿ ತಂದು ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ಅಡಿವೆವ್ವಗ ಏನ್ ಹೇಳ್ಲಿ ನಾ" ಎಂದ. ಅಡಿವೆವ್ವ ಅವನ ಹೆಂಡತಿ. "ಸೊಸಿ ಯಶೋಧರಾಗ ಏನ್ ಹೇಳ್ಲಿ? ಊಟಕ್ಕ ಬರ್ತೇವಿ ಅಂತ ಆಕಿಗೆ ಹೇಳಿ ಬಂದೇವಿ."

ತಲೆ ಎತ್ತದೆಯೇ ಮುಂದುವರಿಸಿದ. "ಅಂವಾ ಏಣಿ ನೋಡಿರ್ತಾನ್ರಿ ಬಾಯಾರ. ಏಣಿ ಮ್ಯಾಲ ಹೋಗೂದು ನೋಡಿರ್ತಾನ."

"ಇಲ್ರಿ. ಅವರಿಗೆ ಎಚ್ಚರ ಇರ್ಲಿಲ್ಲ."

"ನಿಮಗ ಹ್ಯಾಂಗ ಗೊತ್ತು?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಎಂದು ಹೇಳಿಬಿಡಬಹುದಿತ್ತು. ವಿಜ್ಞಾನದ ಮಾಸ್ತರಿಣಿ ಹೇಳಿದ್ದನ್ನು ಅಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವಳು ಅವನ ಎದುರಿಗೆ ನೆಲದ ಮೇಲೆ ಕೂತಳು.

"ಈಗ ಒಂದು ಯಂತ್ರ ಬರ್ತದ್ರಿ" ಎಂದಳು. "ಕೆಳಗ ಉಸಿರಾಡೂ ಗಾಳಿ ಎಷ್ಟದ ಅಂತ ಅದು ಅಂಕಿ ತೋರಸ್ತದ. ನಾವು ಕೂತಲ್ಲಿ ಇಪ್ಪತ್ತೊಂದು ಇರ್ತದ. ಕೆಳಗ ಹತ್ತರ ಮ್ಯಾಲ ಇದ್ರ ನೀವು ಹೇಳಿದ್ದ ಖರೆ. ನೀವು ಇಳಿದು, ಹಗ್ಗಾ ಹಾಕಿ, ಮ್ಯಾಲ ಬರ್ಲಿಕ್ಕೆ ಆಗ್ತಿತ್ತು. ನಾ ಏಣಿ ತಗದದ್ದು ತಪ್ಪು."

"ತಪ್ಪಂದ್ರ?"

"ತಪ್ಪಂದ್ರ, ಜಗದೀಶ ಸರ್ ಉಳೀತಿದ್ರು. ನಾ ಉಳಸಗೊಡ್ಲಿಲ್ಲ."

ಏಣಿ ತೆಗೆದ ಮೇಲೆ ಮೊದಲ ಸಲ ಮಂಜಪ್ಪ ಅವಳ ಮುಖ ನೋಡಿದ. "ಹತ್ತರ ಕೆಳಗಿದ್ರ?"

"ಕೆಳಗಿದ್ರ ಅವರು ಬಿದ್ದ ಗಳಿಗೀನ ಎಚ್ಚರ ತಪ್ಪಿರ್ತದ. ಏಣಿ ನೋಡಿರೂದಿಲ್ಲ. ನೀವು ಇಳಿದಿದ್ರ ನೀವೂ ಅಲ್ಲೇ ಇರ್ತಿದ್ರಿ."

"ಅದ ಚಲೋ ಇತ್ತು" ಎಂದ ಮಂಜಪ್ಪ.

ಕೊಕ್ಕೆಯಾಡಿಸಿ, ಛತ್ರಿ ಬೀಸಿ ಒಳಗಿನ ಗಾಳಿ ಕದಡಿದ್ದರಿಂದ ಈಗ ಬರುವ ಅಂಕಿ ಆಗಿನದಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು ಎಂದು ಅವಳಿಗೆ ಹೊಳೆಯಿತು. ಅದನ್ನು ಹೇಳಲಿಲ್ಲ. ಮೊದಲೇ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಂಡಂತೆ ಕೇಳಿಸುತ್ತಿತ್ತು.

ಹಾವೇರಿಯ ಗಾಡಿ ಬಂತು. ಚನ್ನವೀರಪ್ಪ ಎಂಬ ಹಿರಿಯ ಸಿಬ್ಬಂದಿ ಬಾಯಿಯ ಮೇಲೆ ಬಗ್ಗಿ ನೋಡಿ, ಯಾವಾಗ ಬಿದ್ದದ್ದೆಂದು ಕೇಳಿ, ಮತ್ತೇನೂ ಕೇಳಲಿಲ್ಲ. ಅವನ ಸಂಗಡಿಗ ಬೆನ್ನಿಗೆ ಸಿಲಿಂಡರು ಕಟ್ಟಿಕೊಳ್ಳತೊಡಗಿದ. ಇಳಿಯುವ ಮೊದಲು ಅಳೆಯುವುದು ಅವರ ನಿಯಮ. ಚನ್ನವೀರಪ್ಪ ಹಳದಿ ಬಣ್ಣದ ಸಣ್ಣ ಯಂತ್ರ ತೆಗೆದು ಅದಕ್ಕೆ ಉದ್ದನೆಯ ರಬ್ಬರು ನಳಿಕೆ ಸಿಕ್ಕಿಸಿದ. ಅದು ಕೆಳಗಿನ ಗಾಳಿಯನ್ನು ಮೇಲೆ ಎಳೆದು ಅಂಕಿ ತೋರಿಸುತ್ತಿತ್ತು.

"ದೊಡ್ಡದಾಗಿ ಓದಿ ಹೇಳ್ರಿ" ಎಂದಳು ಹರಿಪ್ರಿಯಾ. "ಇವರಿಗೆ ಕೇಳಬೇಕು. ಅವರ ತಂದಿ ಇವರು."

ಚನ್ನವೀರಪ್ಪ ಇಬ್ಬರನ್ನೂ ನೋಡಿದ. "ಈಗ ಅಂಕಿ ತಗೊಂಡು ಏನ್ ಮಾಡ್ತೀರಿ ಅಕ್ಕಾರ? ಯಜಮಾನ್ರನ್ನ ಆ ಕಡೆ ಕರಕೊಂಡು ಹೋಗ್ರಿ."

"ಓದ್ರಿ" ಎಂದ ಮಂಜಪ್ಪ. ಅವನು ಎದ್ದು ಬಂದು ಯಂತ್ರದ ಪಕ್ಕದಲ್ಲಿ ನಿಂತಿದ್ದ.

ನಳಿಕೆ ಕುತ್ತಿಗೆಯೊಳಗೆ ಇಳಿಯಿತು. "ಹತ್ತೊಂಬತ್ತು" ಎಂದ ಚನ್ನವೀರಪ್ಪ. ಇನ್ನಷ್ಟು ಇಳಿಸಿದ. ಯಂತ್ರ ಕಿರುಚತೊಡಗಿತು, ಅದರ ನೆತ್ತಿಯ ಕೆಂಪು ದೀಪ ಮಿನುಗಿತು. "ಹದಿಮೂರು."

"ಹದಿಮೂರು ಅಂದ್ರ ಹತ್ತರ ಮ್ಯಾಲ ಆತಲ್ಲ" ಎಂದು ಮಂಜಪ್ಪ ಹರಿಪ್ರಿಯಾಳ ಕಡೆ ತಿರುಗಿದ.

"ಹೌದ್ರಿ" ಎಂದಳು. "ಆದ್ರ ನಳಿಕಿ ಇನ್ನೂ ನಡುವ ಅದ."

"ಇಳಿಸ್ರಿ" ಎಂದ ಮಂಜಪ್ಪ ಚನ್ನವೀರಪ್ಪನಿಗೆ. "ಅವನ ಹತ್ತಿರ ಇಳಿಸ್ರಿ. ಮೂಗಿನ ಹತ್ತಿರ."

ಚನ್ನವೀರಪ್ಪ ನಳಿಕೆ ಬಿಟ್ಟ. ತುದಿ ಓಲಾಡುತ್ತ ಇಳಿದು ಜಗದೀಶನ ಕೆನ್ನೆಗೆ ತಾಗಿ ನಿಂತಿತು. ಅಂಕಿ ನಿಲ್ಲುವವರೆಗೆ ಮೂವರೂ ಯಂತ್ರದ ಮೇಲೆ ಬಗ್ಗಿದರು.

ಆಮ್ಲಜನಕ ಶೇಕಡಾ 5.7 ಇತ್ತು.